‘ಬಹಳ ದಿನದಿಂದ’ ಎಂಬುದರ ಇಂಗ್ಲಿಷ್

ಚಿ. ಸುಹಾಸನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಕೆಲಸದ ಅರ್ಜಿ ಓದಿದೆ. ವಿಷಯ ಅಚ್ಚುಕಟ್ಟಾಗಿದೆ, ಕಾಗುಣಿತ ಎಲ್ಲೂ ತಪ್ಪಿಲ್ಲ. ಆದರೆ ಒಂದೇ ಪುಟದಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಥ್ರೀ ಇಯರ್ಸ್’, ‘ಫ್ರಮ್ ಪಾಸ್ಟ್ ಒನ್ ಇಯರ್’, ‘ಸಿನ್ಸ್ ಲಾಂಗ್’ ಮೂರೂ ಬಂದು ಕೂತಿವೆ. ಮೂರೂ ತಪ್ಪು. ಮೂರಕ್ಕೂ ಬೇರು ಮಾತ್ರ ಒಂದೇ, ಆದ್ದರಿಂದ ಕೀಳುವುದು ಸುಲಭ.

ಆ ಬೇರು ನಮ್ಮ ‘ಇಂದ’. ‘ಸೋಮವಾರದಿಂದ ಜ್ವರ’ ಅನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಎಂದೂ ಅನ್ನುತ್ತೇವೆ. ಮೊದಲನೆಯದು ಜ್ವರ ಶುರುವಾದ ದಿನ, ಎರಡನೆಯದು ಜ್ವರ ಕಾಡಿದ ಅವಧಿ. ನಮಗೆ ಎರಡಕ್ಕೂ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಗೂಟ ನೆಟ್ಟ ಜಾಗಕ್ಕೆ ‘ಸಿನ್ಸ್’, ಹಗ್ಗದ ಉದ್ದಕ್ಕೆ ‘ಫಾರ್’. ಸೋಮವಾರ, 2021, ಡಿಗ್ರಿ ಮುಗಿದಾಗ, ಇವೆಲ್ಲ ಗೂಟ. ಮೂರು ದಿನ, ಹತ್ತು ವರ್ಷ, ಬಹಳ ಕಾಲ, ಇವು ಹಗ್ಗ. ‘ಲಾಂಗ್’ ಎಂಬುದು ಉದ್ದವನ್ನೇ ಹೇಳುವ ಪದ. ಅದಕ್ಕೆ ‘ಸಿನ್ಸ್’ ಹಚ್ಚಿದರೆ ಹಗ್ಗವನ್ನೇ ನೆಲಕ್ಕೆ ಬಡಿದು ಗೂಟ ಅಂದ ಹಾಗೆ. ‘ಕಳೆದ ಒಂದು ವರ್ಷದಿಂದ’ ಎಂಬುದನ್ನು ಪದಕ್ಕೆ ಪದ ಇಟ್ಟಾಗ ‘ಫ್ರಮ್ ಪಾಸ್ಟ್ ಒನ್ ಇಯರ್’ ಹುಟ್ಟುತ್ತದೆ. ಸರಿಯಾದದ್ದು ‘ಫಾರ್ ದ ಪಾಸ್ಟ್ ಇಯರ್’. ನಡುವಿನ ‘ದ’ ಬಿಡಬೇಡ, ನಮ್ಮವರ ಬರಹದಲ್ಲಿ ಅದೇ ಮೊದಲು ಉದುರುವುದು.

ಇನ್ನು ಕ್ರಿಯಾಪದ. ಕನ್ನಡದಲ್ಲಿ ‘ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂದು ವರ್ತಮಾನದಲ್ಲೇ ಹೇಳಿ ಮುಗಿಸುತ್ತೇವೆ. ಇಂಗ್ಲಿಷ್ ಹಿಂದಿನಿಂದ ಈ ಹೊತ್ತಿನವರೆಗೆ ಎಳೆದು ತರುವ ರೂಪ ಕೇಳುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಥ್ರೀ ಇಯರ್ಸ್’. ಅದನ್ನೇ ‘ಐ ವರ್ಕ್ಡ್ ಹಿಯರ್ ಫಾರ್ ಥ್ರೀ ಇಯರ್ಸ್’ ಎಂದು ಬರೆದರೆ ವ್ಯಾಕರಣ ಸರಿಯೇ, ಆದರೆ ನೀನು ಆ ಕೆಲಸ ಬಿಟ್ಟಾಗಿದೆ ಎಂದು ಓದುವವರು ತಿಳಿಯುತ್ತಾರೆ. ‘ಅಗೋ’ ಬಂದಲ್ಲಿ ಇದು ತಿರುಗುಮುರುಗು. ‘ಥ್ರೀ ಇಯರ್ಸ್ ಅಗೋ’ ಜೊತೆ ‘ಐ ಜಾಯಿನ್ಡ್’ ಮಾತ್ರ ಹೊಂದುತ್ತದೆ, ‘ಐ ಹ್ಯಾವ್ ಜಾಯಿನ್ಡ್’ ಹೊಂದುವುದಿಲ್ಲ.

ಸೇರುವುದು, ಕೊಳ್ಳುವುದು, ಸಾಯುವುದು, ಇವು ಒಂದು ಗಳಿಗೆಯಲ್ಲಿ ಆಗಿಹೋಗುವ ಕೆಲಸ. ಇವಕ್ಕೆ ಹಗ್ಗ ಕಟ್ಟಲು ಬರುವುದಿಲ್ಲ. ‘ಹಿ ಹ್ಯಾಸ್ ಡೈಡ್ ಫಾರ್ ಟೆನ್ ಇಯರ್ಸ್’ ಎಂದರೆ ಪಾಪ, ಹತ್ತು ವರ್ಷ ಸಾಯುತ್ತಲೇ ಇದ್ದ ಹಾಗಾಯಿತು. ಇಲ್ಲಿ ಕನ್ನಡವೇ ಕೈ ಹಿಡಿಯುತ್ತದೆ. ‘ಅವರು ತೀರಿಕೊಂಡು ಹತ್ತು ವರ್ಷ ಆಯಿತು’ ಎಂಬ ನಮ್ಮ ವಾಕ್ಯಕ್ಕೆ ಸರಿಜೋಡಿ ‘ಇಟ್ ಈಸ್ ಟೆನ್ ಇಯರ್ಸ್ ಸಿನ್ಸ್ ಹಿ ಡೈಡ್’. ಇಲ್ಲಿ ‘ಸಿನ್ಸ್’ ಅಂಟಿಕೊಂಡಿರುವುದು ಸಾವಿಗೆ, ಹತ್ತು ವರ್ಷಕ್ಕಲ್ಲ. ಗೂಟದ ನಿಯಮ ಮುರಿದಿಲ್ಲ ನೋಡು.

ಈಗ ‘ಲಾಂಗ್’. ಕ್ರಿಯಾವಿಶೇಷಣ ಅಂದಮೇಲೆ ಕೊನೆಗೊಂದು ‘ಲಿ’ ಇರಬೇಕಲ್ಲ ಎಂದು ಹುಡುಕಬೇಡ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣ ಮಾಡುವಾಗ ಪದದ ಕೊನೆಗೆ ಒಂದು ‘ಎ’ ಸ್ವರ ಸೇರುತ್ತಿತ್ತು. ಕಾಲಕ್ರಮದಲ್ಲಿ ಆ ಸ್ವರ ಸವೆದುಹೋಗಿ, ಗುಣವಾಚಕವೂ ಕ್ರಿಯಾವಿಶೇಷಣವೂ ಒಂದೇ ಮುಖ ಹೊತ್ತು ನಿಂತವು. ‘ಫಾಸ್ಟ್’, ‘ಹಾರ್ಡ್’ ಕೂಡ ಇದೇ ದಾರಿಯಲ್ಲಿ ಬಂದವು.

ಈ ‘ಲಾಂಗ್’ ಒಂಟಿಯಾಗಿ ಬರುವುದು ಪ್ರಶ್ನೆಯಲ್ಲಿ, ನಿಷೇಧದಲ್ಲಿ. ‘ಹ್ಯಾವ್ ಯು ಬೀನ್ ವೇಟಿಂಗ್ ಲಾಂಗ್?’, ‘ಇಟ್ ವೋಂಟ್ ಟೇಕ್ ಲಾಂಗ್’, ಎರಡೂ ದಿನಬಳಕೆಯ ಮಾತು. ಹೌದೆನ್ನುವ ವಾಕ್ಯದಲ್ಲಿ ಅದಕ್ಕೆ ಸಂಕೋಚ. ‘ಐ ವೇಟೆಡ್ ಲಾಂಗ್’ ಎಂದರೆ ಪದ್ಯ ಓದಿದ ಹಾಗೆ ಕೇಳುತ್ತದೆ. ಮಾತಿನಲ್ಲಾದರೆ ‘ಐ ವೇಟೆಡ್ ಫಾರ್ ಎ ಲಾಂಗ್ ಟೈಮ್’. ಪಕ್ಕದಲ್ಲಿ ‘ಟೂ’, ‘ಸೋ’ ಅಥವಾ ‘ಇನಫ್’ ಇದ್ದರೆ ಸಂಕೋಚ ಹೋಗುತ್ತದೆ: ‘ಐ ವೇಟೆಡ್ ಟೂ ಲಾಂಗ್’. ಇನ್ನೊಂದು ಜಾಗವಿದೆ, ಬರಹದಲ್ಲಿ ಗತ್ತಾಗಿ ಕಾಣುವಂಥದ್ದು: ‘ಹ್ಯಾವ್’ ಆದಮೇಲೆ, ಮುಖ್ಯ ಕ್ರಿಯಾಪದಕ್ಕೆ ಮೊದಲು. ‘ಐ ಹ್ಯಾವ್ ಲಾಂಗ್ ಬಿಲೀವ್ಡ್’, ‘ಇಟ್ ಹ್ಯಾಸ್ ಲಾಂಗ್ ಬೀನ್ ನೋನ್’. ನಂಬುವುದು, ತಿಳಿದಿರುವುದು, ಬಯಸುವುದು, ಅನುಮಾನಿಸುವುದು, ಹೀಗೆ ಮನಸ್ಸಿನೊಳಗಿನ ಕ್ರಿಯೆಗಳ ಜೊತೆ ಇದು ಚೆನ್ನಾಗಿ ಕೂಡುತ್ತದೆ. ‘ಐ ಹ್ಯಾವ್ ಲಾಂಗ್ ವಾಕ್ಡ್ ಟು ಆಫೀಸ್’ ಎಂದು ಯಾರೂ ಬರೆಯುವುದಿಲ್ಲ. ನೀನು ‘ಸಿನ್ಸ್ ಲಾಂಗ್ ಐ ಆಮ್ ವಾಂಟಿಂಗ್’ ಎಂದು ಬರೆದೆಯಲ್ಲ, ಅಲ್ಲಿ ‘ಐ ಹ್ಯಾವ್ ಲಾಂಗ್ ವಾಂಟೆಡ್’ ಹಾಕು.

ನಿಜವಾಗಿ ಅಪಾಯ ಇರುವುದು ನಿಷೇಧದಲ್ಲಿ. ‘ಫಾರ್ ಲಾಂಗ್’ ಮತ್ತು ‘ಫಾರ್ ಎ ಲಾಂಗ್ ಟೈಮ್’ ಒಂದೇ ಎಂದು ತಿಳಿಯುವವರು ಬಹಳ. ‘ಷಿ ಹ್ಯಾಸ್ ನಾಟ್ ವರ್ಕ್ಡ್ ಹಿಯರ್ ಫಾರ್ ಲಾಂಗ್’ ಎಂದರೆ ಅವಳು ಇಲ್ಲಿ ಸೇರಿ ಬಹಳ ದಿನ ಆಗಿಲ್ಲ. ‘ಷಿ ಹ್ಯಾಸ್ ನಾಟ್ ವರ್ಕ್ಡ್ ಹಿಯರ್ ಫಾರ್ ಎ ಲಾಂಗ್ ಟೈಮ್’ ಎಂದರೆ ಸಾಮಾನ್ಯವಾಗಿ, ಅವಳು ಇಲ್ಲಿ ಕೆಲಸ ಬಿಟ್ಟು ಬಹಳ ದಿನವಾಯಿತು. ಮೊದಲನೆಯದರಲ್ಲಿ ‘ನಾಟ್’ ಬಡಿಯುವುದು ಕಾಲದ ಉದ್ದಕ್ಕೆ, ಎರಡನೆಯದರಲ್ಲಿ ಕೆಲಸಕ್ಕೇ. ನಿನ್ನ ನಾಲ್ಕನೇ ಪ್ಯಾರಾ ತೆಗೆದು ನೋಡು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಹೆಚ್ಚು ದಿನವಾಗಿಲ್ಲ, ಆದರೂ ಕೈ ಪಳಗಿದೆ ಎಂದು ಹೇಳಲು ಹೊರಟವನು ‘ಐ ಹ್ಯಾವ್ ನಾಟ್ ಯೂಸ್ಡ್ ಪೈಥಾನ್ ಫಾರ್ ಎ ಲಾಂಗ್ ಟೈಮ್’ ಎಂದು ಬರೆದಿದ್ದೀಯ. ಪೈಥಾನ್ ಮುಟ್ಟಿ ಯಾವುದೋ ಕಾಲವಾಯಿತು ಎಂದೇ ಎದುರಿನವರು ಓದುತ್ತಾರೆ. ‘ಎ’, ‘ಟೈಮ್’ ಎರಡನ್ನೂ ಹೊಡೆದುಹಾಕಿದರೆ ಅರ್ಥ ದಾರಿಗೆ ಬರುತ್ತದೆ. ಅದಕ್ಕಿಂತ ‘ಐ ಸ್ಟಾರ್ಟೆಡ್ ಯೂಸಿಂಗ್ ಪೈಥಾನ್ ಎಯ್ಟ್ ಮಂತ್ಸ್ ಅಗೋ’ ಎಂದರೆ ಅನುಮಾನಕ್ಕೆ ಎಡೆಯೇ ಇಲ್ಲ.

‘ಬಿಫೋರ್ ಲಾಂಗ್’ ಎಂದರೆ ಬೇಗನೆ. ‘ಅಟ್ ಲೆಂತ್’ ವಾಕ್ಯದ ಕೊನೆಯಲ್ಲಿ ಬಂದರೆ ವಿಸ್ತಾರವಾಗಿ, ಮೊದಲಲ್ಲಿ ಬಂದರೆ ಅಂತೂ ಇಂತೂ ಕೊನೆಗೆ.

ತೀರಾ ದೀರ್ಘ ಕಾಲದ ಮಾತುಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ‘ಫಾರೆವರ್’ ಎಂದರೆ ಎಂದೆಂದಿಗೂ. ಆದರೆ ‘ಹಿ ಈಸ್ ಫಾರೆವರ್ ಲೂಸಿಂಗ್ ಹಿಸ್ ಕೀಸ್’ ಎಂದಾಗ ಅದು ಬರೀ ಗೊಣಗು, ‘ಯಾವಾಗ ನೋಡಿದರೂ ಬೀಗದ ಕೈ ಕಳಕೊಳ್ಳುತ್ತಾನೆ’ ಎಂಬ ದನಿ. ‘ಆಲ್ವೇಸ್’ ಕೂಡ ಹೀಗೆ ಗೊಣಗಬಲ್ಲದು. ಆ ಪದದ ಮೂಲ ಅರ್ಥ ‘ದಾರಿಯುದ್ದಕ್ಕೂ’. ನೆಲದ ಅಳತೆ ಕಾಲದ ಅಳತೆಯಾಯಿತು, ನಮ್ಮ ‘ಉದ್ದಕ್ಕೂ’ ಎರಡಕ್ಕೂ ಸಲ್ಲುವ ಹಾಗೆ. ‘ಫಾರ್ ಗುಡ್’ಗೆ ಒಳ್ಳೆಯದು ಕೆಟ್ಟದ್ದರ ಗೊಡವೆಯಿಲ್ಲ. ‘ಹಿ ಲೆಫ್ಟ್ ಫಾರ್ ಗುಡ್’ ಅಂದರೆ ಹೋದವನು ಮತ್ತೆ ಬರುವುದಿಲ್ಲ, ಅಷ್ಟೇ. ‘ಇನ್‌ಡೆಫಿನಿಟ್ಲಿ’ಯನ್ನು ‘ಶಾಶ್ವತವಾಗಿ’ ಎಂದು ಓದುವವರಿದ್ದಾರೆ. ಪತ್ರಿಕೆಯಲ್ಲಿ ಅನಿರ್ದಿಷ್ಟಾವಧಿ ಮುಷ್ಕರ ಅಂತ ಬರುತ್ತದಲ್ಲ, ಅದೇ ಅರ್ಥ: ಕೊನೆಯ ದಿನ ಗೊತ್ತು ಮಾಡಿಲ್ಲ, ನಾಳೆಯೇ ಮುಗಿದರೂ ಮುಗಿಯಬಹುದು. ರಜೆಯ ಅರ್ಜಿಯಲ್ಲಂತೂ ಆ ಪದ ಬೇಡವೇ ಬೇಡ.

ನನಗೆ ಇಷ್ಟವಾದದ್ದು ‘ಸಿನ್ಸ್ ಟೈಮ್ ಇಮ್ಮೆಮೋರಿಯಲ್’. ನಮ್ಮ ‘ಅನಾದಿ ಕಾಲದಿಂದ’ ಅಂದುಕೋ. ಇಷ್ಟು ಉದ್ದದ ಕಾಲಕ್ಕೆ ‘ಸಿನ್ಸ್’ ಹೇಗೆ ಬಂತು ಎಂದು ಕೇಳುತ್ತೀಯ. ಅದೂ ಒಂದು ಗೂಟವೇ, ನೆನಪು ತಲುಪದಷ್ಟು ದೂರದಲ್ಲಿ ನೆಟ್ಟದ್ದು. ಇಂಗ್ಲೆಂಡಿನ ಕಾನೂನಿನಲ್ಲಂತೂ ಅದಕ್ಕೆ ಇಸವಿಯೇ ಇದೆ. 1275ರ ವೆಸ್ಟ್‌ಮಿನ್‌ಸ್ಟರ್ ಶಾಸನದಿಂದ, ನೆನಪಿನ ಎಲ್ಲೆ 1189, ಅಂದರೆ ಒಂದನೇ ರಿಚರ್ಡ್ ಪಟ್ಟಕ್ಕೆ ಬಂದ ವರ್ಷ ಎಂದಾಯಿತು. ಅದರ ಹಿಂದಿನದೆಲ್ಲ ಅಲ್ಲಿನ ಕೋರ್ಟಿಗೆ ಅನಾದಿ!

‘ಫಾರ್ ಏಜಸ್’, ‘ಫಾರ್ ಡಾಂಕೀಸ್ ಇಯರ್ಸ್’ ಗೆಳೆಯರ ಮಾತಿಗಿರಲಿ, ಅರ್ಜಿಗೆ ಸಲ್ಲ. ನಿಜ ಹೇಳಬೇಕೆಂದರೆ ಅರ್ಜಿಗೆ ‘ಲಾಂಗ್’ ಕೂಡ ಅಷ್ಟಾಗಿ ಬೇಡ. ನಿನಗೆ ಬಹಳ ಅನ್ನಿಸಿದ ಕಾಲ ಇಪ್ಪತ್ತು ವರ್ಷ ದುಡಿದವರಿಗೆ ಎಷ್ಟರದು? ಇಸವಿ ಗೊತ್ತಿದ್ದರೆ ‘ಸಿನ್ಸ್’ ಹಚ್ಚಿ ಇಸವಿ ಬರೆ. ಇಲ್ಲದಿದ್ದರೆ ‘ಫಾರ್’ ಹಚ್ಚಿ ವರ್ಷ ತಿಂಗಳ ಲೆಕ್ಕ ಕೊಡು. ಒಂದು ವಾಕ್ಯದಲ್ಲಿ ಎರಡರಲ್ಲಿ ಒಂದು ಸಾಕು. ಅದನ್ನು ವಾಕ್ಯದ ಕೊನೆಗಿಡು.

ಅಂದಹಾಗೆ ಈ ಕಾಗದದ ಮೊದಲಕ್ಷರ ‘ಚಿ.’ ಇದೆಯಲ್ಲ, ಅದರ ‘ಚಿರ’ವೂ ದೀರ್ಘ ಕಾಲದ್ದೇ ಮಾತು. ಇಂಗ್ಲಿಷಿನಲ್ಲಿ ಅದಕ್ಕೊಂದು ಜೋಡಿ ಹುಡುಕಲು ಹೋಗಬೇಡ. ಅಲ್ಲಿ ಪತ್ರ ‘ಡಿಯರ್’ನಿಂದಲೇ ಶುರುವಾಗಲಿ.

ತಿದ್ದಿದ ಪ್ರತಿಯನ್ನು ಭಾನುವಾರದೊಳಗೆ ಕಳಿಸು. ಎರಡನೇ ಪ್ಯಾರಾದಲ್ಲಿ ಸೇರಿದ ತಿಂಗಳು ಬಿಟ್ಟುಹೋಗಿದೆ, ಅದನ್ನೂ ಹಾಕು.

ಇಂತಿ,
ನಿನ್ನ ದೊಡ್ಡಮ್ಮ