ಇಲಿ ಕಡಿದ ತಂತಿಗೆ ಬೋರ್ಡ್ ಬದಲಾವಣೆಯ ಮದ್ದು

ಮಾನ್ಯ ಸಂಪಾದಕರೇ,

ಐದು ವರ್ಷ ಹಳೆಯದಾದ ನಮ್ಮ ಮನೆಯ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಕಳೆದ ತಿಂಗಳು ಬಿಸಿನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗಲೇ ನಿಂತುಹೋಗಿ, ಎರಡಕ್ಷರದ ದೋಷಸಂಕೇತವೊಂದನ್ನು ತೋರಿಸಿತು. ಯಂತ್ರದ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯಲ್ಲಿ ಆ ಸಂಕೇತದ ಎದುರು ಸೇವಾ ಕೇಂದ್ರವನ್ನು ಸಂಪರ್ಕಿಸಿ ಎಂಬುದರ ಹೊರತು ಬೇರೇನೂ ಇರಲಿಲ್ಲ. ಕಂಪನಿಯಿಂದ ಬಂದ ತರುಣರು ಹಿಂಬದಿಯ ಮುಚ್ಚಳವನ್ನೂ ಬಿಚ್ಚದೆ, ಟೆಂಪರೇಚರ್ ಸೆನ್ಸರ್ ಕೆಟ್ಟಿದೆ, ಅದರಿಂದ ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಕೂಡ ಹೋಗಿದೆ ಎಂದು ಹೇಳಿ 9,200 ರೂಪಾಯಿಯ ಅಂದಾಜು ಪಟ್ಟಿ ಬರೆದುಕೊಟ್ಟರು. ಅಳೆದು ತೋರಿಸಿ ಎಂದು ಕೇಳಿದರೆ ಅವರ ಚೀಲದಲ್ಲಿ ವಿದ್ಯುತ್ ಅಳತೆಯ ಮಲ್ಟಿಮೀಟರೇ ಇರಲಿಲ್ಲ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಹುಡುಗರಿಗೆ ಹಲವು ವರ್ಷ ಪಾಠ ಹೇಳಿದ ನನಗೆ ಆ ತರುಣರ ಮೇಲೆ ಸಿಟ್ಟು ಬರಲಿಲ್ಲ; ಮೀಟರ್ ಕೊಡದೆ ಅವರನ್ನು ಮನೆಮನೆಗೆ ಕಳುಹಿಸುವವರ ಮೇಲೆ ಬಂತು. ಭೇಟಿಯ ಶುಲ್ಕವನ್ನಷ್ಟೇ ಕೊಟ್ಟು ಅವರನ್ನು ಬೀಳ್ಕೊಟ್ಟೆ.

ಈ ಸೆನ್ಸರ್ ಎಂಬುದು ತೊಟ್ಟಿಯ ತಳದಲ್ಲಿ ಹೀಟರಿನ ಪಕ್ಕಕ್ಕೆ ಸಿಕ್ಕಿಸಿರುವ, ಕಿರುಬೆರಳಿಗಿಂತ ಚಿಕ್ಕದಾದ ಥರ್ಮಿಸ್ಟರ್. ನೀರು ಬಿಸಿಯಾದಷ್ಟೂ ಅದರ ರೋಧ, ಅಂದರೆ ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ, ಇಳಿಯುತ್ತದೆ; ಅದನ್ನು ಅಳೆಯುವ ಮಾನ ಓಮ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಕಿಲೋ ಓಮ್ ತೋರಿಸುವ ಸಾಮಾನ್ಯ ಬಗೆಯ ಥರ್ಮಿಸ್ಟರ್ 60 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್ ಆಸುಪಾಸಿಗೆ ಬರುತ್ತದೆ. ನಿಖರ ಅಂಕಿ ತಯಾರಕರಿಂದ ತಯಾರಕರಿಗೆ ಬೇರೆ. ಬೋರ್ಡ್ ಈ ರೋಧವನ್ನು ಓದಿಕೊಂಡೇ ಹೀಟರನ್ನು ಹಾಕಿ ಆರಿಸುತ್ತದೆ. ಓದಿದ ಅಂಕಿ ಇರಲು ಸಾಧ್ಯವೇ ಇಲ್ಲದಷ್ಟು ಹೆಚ್ಚೋ ಕಡಿಮೆಯೋ ಆದಾಗ, ನೀರಿನ ಬಿಸಿ ಎಷ್ಟೆಂದು ತಿಳಿಯದೆ ಹೀಟರ್ ಹಾಕುವುದು ಅಪಾಯವಾದ್ದರಿಂದ ದೋಷಸಂಕೇತ ತೋರಿಸುತ್ತದೆ. ಎಂದರೆ ಆ ಸಂಕೇತ ಹೇಳುವುದು ಓದು ಸರಿಯಿಲ್ಲ ಎಂಬುದನ್ನು ಮಾತ್ರ. ತಪ್ಪು ಸೆನ್ಸರಿನದೋ, ಕನೆಕ್ಟರಿನದೋ, ತಂತಿಯದೋ, ಬೋರ್ಡಿನದೋ ಎಂಬುದನ್ನು ಅಳೆದೇ ತಿಳಿಯಬೇಕು.

ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಯಂತ್ರವನ್ನು ಗೋಡೆಯಿಂದ ಮುಂದಕ್ಕೆಳೆದು ಹಿಂಬದಿಯ ಮುಚ್ಚಳ ಬಿಚ್ಚಿದೆ. ಸೆನ್ಸರಿನ ಕನೆಕ್ಟರ್ ತೆಗೆದು ಅದರ ಎರಡು ಕಡ್ಡಿಗಳ ನಡುವೆ ಅಳೆದಾಗ ಸುಮಾರು 11 ಕಿಲೋ ಓಮ್ ಬಂತು. ಅದನ್ನು ಹೊರತೆಗೆದು ಬಿಸಿನೀರಿನ ಲೋಟದಲ್ಲಿ ಅದ್ದಿದಾಗ ಮೀಟರಿನ ಅಂಕಿ ಎಲ್ಲೂ ನೆಗೆಯದೆ ಇಳಿಯುತ್ತ ಹೋಯಿತು. ಸೆನ್ಸರ್ ಚೆನ್ನಾಗಿಯೇ ಇತ್ತು. ಅದನ್ನು ಮತ್ತೆ ಸಿಕ್ಕಿಸಿ, ಈ ಬಾರಿ ಬೋರ್ಡಿನ ಕಡೆಯ ಕನೆಕ್ಟರ್ ಬಿಡಿಸಿ ಅಲ್ಲಿಂದ ಅಳೆದರೆ ಮೀಟರಿನಲ್ಲಿ ಅಂಕಿಯೇ ಮೂಡಲಿಲ್ಲ. ಒಂದು ತುದಿಯಲ್ಲಿ ಸಿಗುವ ಅಂಕಿ ಇನ್ನೊಂದು ತುದಿಯಲ್ಲಿ ಸಿಗದಿದ್ದರೆ ದೋಷ ಇರುವುದು ಎರಡರ ನಡುವೆ; ಇದು ಐಟಿಐ ಮೊದಲ ವರ್ಷದ ಪಾಠ. ತಂತಿಗಳ ಕಟ್ಟನ್ನು ಬೆರಳಿನಲ್ಲಿ ಸವರುತ್ತ ಹೋದಾಗ ತಳದ ಹತ್ತಿರ ಒಂದು ತಂತಿಯನ್ನು ಇಲಿ ಕಡಿದು ತುಂಡರಿಸಿತ್ತು. ನಮ್ಮದು ಕೋಲಾರದ ಹಳೆಯ ಬಡಾವಣೆ, ಯಂತ್ರದ ತಳ ತೆರೆದೇ ಇರುತ್ತದೆ, ಇಲಿಯನ್ನು ದೂರಿ ಪ್ರಯೋಜನವಿಲ್ಲ. ತಂತಿ ಬೆಸೆದು, ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ತಳಕ್ಕೆ ಜಾಲರಿ ಕಟ್ಟಿದ್ದಕ್ಕೆ ಆದ ಖರ್ಚು 140 ರೂಪಾಯಿ. ಹಳೆಯ ಬೋರ್ಡಿನಲ್ಲೇ ಯಂತ್ರ ಈಗ ನಡೆಯುತ್ತಿದೆ. (ಮೀಟರ್ ಹಿಡಿದು ಅಭ್ಯಾಸವಿಲ್ಲದವರು ದಯವಿಟ್ಟು ಇದಕ್ಕೆ ಕೈ ಹಾಕಬೇಡಿ, ಪಕ್ಕದಲ್ಲೇ ಇರುವ ಹೀಟರಿಗೆ 230 ವೋಲ್ಟ್ ಬರುತ್ತದೆ.)

ನಮ್ಮ ಕಡೆಯ ಗಡಸಾದ ಕೊಳವೆಬಾವಿ ನೀರಿನಿಂದ ಹೀಟರಿನ ಮೇಲೆ ಸುಣ್ಣದಂಥ ಪದರ ಕಟ್ಟಿ ಬೇರೆ ತೊಂದರೆಗಳೂ ಬರುತ್ತವೆ. ಅವುಗಳಿಗೂ ಅಳತೆಯೇ ಮೊದಲ ಹೆಜ್ಜೆ.

ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ ವಾಷಿಂಗ್ ಮಷಿನ್ ತಯಾರಕರು ಸೆನ್ಸರ್, ಹೀಟರ್, ಬೋರ್ಡ್ ಮುಂತಾದ ಬಿಡಿಭಾಗಗಳನ್ನು ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ರಿಪೇರಿ ವೃತ್ತಿಯವರಿಗೆ ಒದಗಿಸಬೇಕು, ದುರಸ್ತಿಯ ಮಾಹಿತಿಯನ್ನೂ ಕೊಡಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿಗೆಂದು ಜಾಲತಾಣವನ್ನು ಆರಂಭಿಸಿದೆ. ಗೃಹೋಪಯೋಗಿ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಗ್ರಾಹಕನಿಗೆ ಬೇಕಾದದ್ದು ಅಂಥ ತಾಣದಲ್ಲಿ ಸಿಗುವ ಫೋನ್ ಸಂಖ್ಯೆಗಳ ಪಟ್ಟಿಯಲ್ಲ, ತನ್ನ ಯಂತ್ರದ ಸೆನ್ಸರ್ ಎಷ್ಟು ಡಿಗ್ರಿಯಲ್ಲಿ ಎಷ್ಟು ಓಮ್ ತೋರಿಸಬೇಕೆಂಬ ಒಂದು ಪುಟದ ಕೋಷ್ಟಕ, ಅದೂ ಕನ್ನಡದಲ್ಲಿ.

ಬೋರ್ಡ್ ಅಥವಾ ಸೆನ್ಸರ್ ಬದಲಿಸಬೇಕೆಂದು ಹೇಳುವ ಮೊದಲು ಮೀಟರಿನಲ್ಲಿ ಅಳೆದ ಅಂಕಿಯನ್ನು ಜಾಬ್ ಶೀಟಿನಲ್ಲಿ (ಕೆಲಸದ ವಿವರ ಬರೆಯುವ ಹಾಳೆಯಲ್ಲಿ) ಬರೆದು ಗ್ರಾಹಕರ ಸಹಿ ಪಡೆಯುವುದನ್ನೂ, ಬದಲಿಸಿದ ಹಳೆಯ ಭಾಗವನ್ನು ಗ್ರಾಹಕರಿಗೇ ಒಪ್ಪಿಸುವುದನ್ನೂ ಇಲಾಖೆ ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ. ಈಗಾಗಲೇ ಹೀಗೆ ಹಣ ತೆತ್ತಿರುವ ಓದುಗರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಂದಾಜು ಪಟ್ಟಿಯನ್ನೂ ಬಿಲ್ಲನ್ನೂ ಕೈಯಲ್ಲಿಟ್ಟುಕೊಂಡು ಕರೆ ಮಾಡಿ.

– ನಿವೃತ್ತ ಐಟಿಐ ಬೋಧಕ, ಕೋಲಾರ