ಊಟ ಆದ ಕೂಡಲೇ ಕಾಫಿ ಬೇಡ, ಮಗಳೇ

ಚೇರಂಬಾಣೆ
ಆಟಿ ತಿಂಗಳ 16

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದ.

ಇಲ್ಲಿ ಮಳೆ ಬಿಟ್ಟಿಲ್ಲ. ಕರೆಂಟು ಹೋಗಿ ಮೂರು ದಿನ ಆಯಿತು, ಫೋನಿಗೆ ಚಾರ್ಜ್ ಇಲ್ಲ. ಅದಕ್ಕೇ ಈ ಪತ್ರ. ಕೆಳಮನೆ ಹುಡುಗ ನಾಳೆ ಬೆಳಗಿನ ಬಸ್ಸಿಗೆ ಕುಶಾಲನಗರಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲೇ ಒಂದು ಚೀಲವನ್ನೂ ಕಳಿಸುತ್ತಿದ್ದೇನೆ.

ಮೊನ್ನೆ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ನಿನ್ನ ಮಗಳು ಪುಟ್ಟಿಗೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2 ಬಂದಿದೆ ಅಂದೆ. 14 ವರ್ಷದ ಹುಡುಗಿಗೆ 12 ಆದರೂ ಇರಬೇಕು. ಕಡಿಮೆ ಹೌದು, ಆದರೆ ಕೂತು ಅಳುವಂಥದ್ದಲ್ಲ. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತ ಕಡಿಮೆ ಅಂತ ಸರ್ಕಾರದ ಸಮೀಕ್ಷೆಯೇ ಹೇಳಿದೆ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದಿದ್ದಾರೆ, ಸರಿ. ಅದು ಸಾಲದು ಅಂತ ನೀನು ಅಂಗಡಿಯಿಂದ ಎರಡು ಡಬ್ಬ 'ಹೆಲ್ತ್ ಡ್ರಿಂಕ್' ಪುಡಿ ತಂದಿದ್ದೀಯ. ಆ ಡಬ್ಬದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇದನ್ನು ಹೇಳು. ಪುಟ್ಟಿ ಆ ಮಾತ್ರೆ ನುಂಗುವುದು ಯಾವಾಗ, ಯಾವುದರ ಜೊತೆ? ರಜೆಗೆ ಬಂದಿದ್ದಾಗ ನಾನು ನೋಡಿದ್ದೇನಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ, ಹಿಂದೆಯೇ ಒಂದು ಲೋಟ ಕಾಫಿ. ಮಧ್ಯಾಹ್ನ ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಕಾಫಿ. ರಾತ್ರಿ ಓದುವುದಕ್ಕೆ ಅಂತ ಇನ್ನೊಂದು. ಅವಳನ್ನು ಬೈಯುವ ಹಾಗಿಲ್ಲ, ಕಲಿಸಿದವರು ನಾವೇ. ನಮ್ಮ ಮನೆಯಲ್ಲಿ ಊಟ ಮುಗಿದ ಮೇಲೆ ಕಾಫಿ ಬರಲಿಲ್ಲ ಅಂದರೆ ನೆಂಟರು ಏನೋ ಮುನಿಸು ಅಂದುಕೊಳ್ಳುತ್ತಾರೆ.

ನನ್ನ ಕತೆ ಕೇಳು. ನಿನ್ನ ಅಣ್ಣ ಹೊಟ್ಟೆಯಲ್ಲಿದ್ದಾಗ ನನಗೂ ರಕ್ತ ಕಡಿಮೆ ಇತ್ತು. ಮಾತ್ರೆ ಕೊಟ್ಟರು. ನುಂಗಿದರೆ ಹೊಟ್ಟೆ ತೊಳಸುತ್ತಿತ್ತು, ಬಾಯಲ್ಲಿ ತುಕ್ಕಿನ ರುಚಿ. ಹಾಗಾಗಿ ಬೆಲ್ಲದ ಕಾಫಿಯ ಜೊತೆ ಗುಳುಂ ಮಾಡುತ್ತಿದ್ದೆ. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಮತ್ತೆ ರಕ್ತ ನೋಡಿದರೆ ಇದ್ದಲ್ಲೇ ಇತ್ತು. ನಿನ್ನ ಅಜ್ಜಿ ದೃಷ್ಟಿ ಆಗಿದೆ ಅಂತ ಮೆಣಸು ಸುಟ್ಟರು. ಕೊನೆಗೆ ಮನೆಮನೆಗೆ ಬರುತ್ತಿದ್ದ ನರ್ಸಮ್ಮ ಒಂದು ದಿನ ನನ್ನ ಕೈಯಲ್ಲಿ ಮಾತ್ರೆ, ಲೋಟ ಎರಡನ್ನೂ ನೋಡಿ, "ಅಯ್ಯೋ, ಕೊಟ್ಟಿದ್ದನ್ನೆಲ್ಲ ಕಾಫಿಗೆ ಕುಡಿಸ್ತಿದ್ದೀರಲ್ಲ!" ಅಂದರು. ಅವತ್ತಿಗೆ ನನಗೆ ಗೊತ್ತಾಯಿತು.

ಕಾಫಿಯಲ್ಲಿ, ಚಹಾದಲ್ಲಿ ಒಂದು ಒಗರು ಇದೆಯಲ್ಲ, ಅದು ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಕೊಂಡುಬಿಡುತ್ತದೆ. ರಕ್ತಕ್ಕೆ ಸೇರುವುದು ಅಷ್ಟಕ್ಕಷ್ಟೇ. ಸೊಪ್ಪು, ಕಾಳುಗಳ ಕಬ್ಬಿಣಕ್ಕೆ ಈ ಕಾಟ ಇನ್ನೂ ಜಾಸ್ತಿ. ಊಟಕ್ಕೆ ಮುಂಚೆ ಒಂದು ಗಂಟೆ, ಊಟ ಆದ ಮೇಲೆ ಒಂದು ಗಂಟೆ ಕಾಫಿ, ಚಹಾ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೇಳಿದ್ದಾರೆ. ಒಂದು ಯಾಕೆ, ನೀನು ಎರಡು ಗಂಟೆ ಬಿಡು. ಕಾಫಿಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನಿನ್ನ ದೊಡ್ಡಪ್ಪ ನನ್ನನ್ನು ಜಗಲಿಯಲ್ಲಿ ಮಲಗಿಸಿಯಾರು! ಹೊತ್ತು ಬದಲಿಸು ಅಂತಷ್ಟೇ. ಆದರೆ ಪುಟ್ಟಿಯ ರಾತ್ರಿ ಕಾಫಿ ಮಾತ್ರ ಪೂರ್ತಿ ನಿಲ್ಲಿಸು. ನಮ್ಮ ತೋಟದ್ದು ರೊಬಸ್ಟಾ. ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಅದನ್ನು ಕುಡಿದ ಮಗು ನಿದ್ದೆ ಮಾಡುವುದು ಹೇಗೆ?

ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ಕೊಡು. ಹುಳಿ ಹಣ್ಣುಗಳಲ್ಲಿರುವ ವಿಟಮಿನ್ ಸಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಲಿನ ಜೊತೆ ಬೇಡ, ಅದೂ ಅಡ್ಡಿಯೇ. ಖಾಲಿ ಹೊಟ್ಟೆಗೆ ಆಗದಿದ್ದರೆ ತಿಂಡಿ ಆದ ಮೇಲೆ ಕೊಡು. ಮಲ ಕಪ್ಪಾಗುತ್ತದೆ ಅಂತ ಅವಳಿಗೆ ಮೊದಲೇ ಹೇಳಿಬಿಡು, ಇಲ್ಲದಿದ್ದರೆ ಹೆದರಿ ಮಾತ್ರೆಯನ್ನು ಕಿಟಕಿಯಿಂದ ಎಸೆದಾಳು. ಹಿಮೋಗ್ಲೋಬಿನ್ ತಿಂಗಳಿಗೆ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ, ಬೇರೆ ಕಾರಣ ಇರಬಹುದು. ಏರಿತು ಅಂತ ನೀನಾಗಿ ನಿಲ್ಲಿಸಬೇಡ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದು ರಕ್ತ ಕಡಿಮೆ ಆಗದ ಹಾಗೆ ತಡೆಯುವುದಕ್ಕೆ. ಆಗಲೇ ಕಡಿಮೆ ಆದವಳಿಗೆ ಅದೊಂದೇ ಸಾಲದು.

ಅಡುಗೆಯಲ್ಲಿ ಹೊಸದೇನೂ ಬೇಡ. ಹುರುಳಿ ಮೊಳಕೆ ಬರಿಸಿ ಸಾರು ಮಾಡು, ಸೊಪ್ಪು ಮಾಡು, ಮೇಲೆ ನಿಂಬೆ ಹಿಂಡು. ಶಾಲೆಯಿಂದ ಬಂದಾಗ ಸೀಬೆಯೋ ಕಿತ್ತಳೆಯೋ ಕೊಡು. ಮಾಂಸದ ಕಬ್ಬಿಣ ಮೈಗೆ ಬೇಗ ಹಿಡಿಯುತ್ತದೆ. ನೀವು ತಿನ್ನುವವರು, ತೊಂದರೆ ಇಲ್ಲ. ಬೀಟ್‌ರೂಟ್ ರಸ ದಿನಾ ಕೊಡುತ್ತಿದ್ದೇನೆ ಅಂದೆಯಲ್ಲ, ಅದು ತರಕಾರಿ ಅಂತ ಒಳ್ಳೆಯದೇ. ಕೆಂಪು ಇದೆ ಅಂತ ರಕ್ತ ಆಗುವುದಿಲ್ಲ. ಬೆಲ್ಲವೂ ಹಾಗೇ, ಕಬ್ಬಿಣ ಇದೆ ಅಂತ ಹೊಗಳುತ್ತಾರೆ, ಆದರೆ ಮುಕ್ಕಾಲು ಪಾಲಿಗೂ ಮೀರಿ ಅದು ಸಕ್ಕರೆಯೇ.

ಇನ್ನೊಂದು ವಿಷಯ, ಇದು ನಮ್ಮದೇ ತಪ್ಪು. ರಜೆಯಲ್ಲಿ ಪುಟ್ಟಿ ತೋಟದ ತುಂಬ ಬರಿಗಾಲಲ್ಲಿ ಓಡಾಡಿದಳು. ಕೊಕ್ಕೆಹುಳ ಒದ್ದೆ ಮಣ್ಣಿನಿಂದ ಅಂಗಾಲಿನ ಮೂಲಕವೇ ಒಳಗೆ ಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಜಿಗಣೆ ಆದರೆ ಕಣ್ಣಿಗೆ ಕಾಣುತ್ತದೆ, ಸುಣ್ಣ ಹಚ್ಚಿ ಬಿಡಿಸುತ್ತೇವೆ. ಇದು ಕಾಣುವುದಿಲ್ಲ. ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ರಜೆ ಹಾಕಿಸಬೇಡ. ಮುಂದಿನ ಸಲ ಚಪ್ಪಲಿ ಹಾಕಿಸಿಯೇ ತೋಟಕ್ಕೆ ಬಿಡುತ್ತೇನೆ. ಹಾಗೇ ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ ಅಂತಲೂ ಮೆಲ್ಲಗೆ ಕೇಳು. ಏಳು ದಿನ ದಾಟುತ್ತದೆ ಅಂದರೆ ಡಾಕ್ಟರಿಗೆ ಹೇಳಬೇಕು. ಈ ವಯಸ್ಸಿನವರು ಮುಚ್ಚಿಡುತ್ತಾರೆ.

ಈಗ ಡಬ್ಬ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇದೆ, ಕನ್ನಡಕ ಹಾಕಿಕೊಂಡು ಓದು. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ. ಸಕ್ಕರೆ ಎಷ್ಟನೆಯ ಜಾಗದಲ್ಲಿದೆ ನೋಡು. ಆಹಾರದ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಅನ್ನುವ ಬಗೆಯೇ ಇಲ್ಲ ಅಂತ 2024ರಲ್ಲಿ ಸರ್ಕಾರದವರೇ ಹೇಳಿದರು. ಇದ್ದದ್ದು ಮುಗಿಸು, ಮತ್ತೆ ತರಬೇಡ. ಆ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತದೆ, ಲೆಕ್ಕ ಹಾಕು.

ಅಳಿಯಂದಿರ ಬಿಪಿ 150/96 ಅಂದೆ. ಒಂದು ಸಲದ್ದಕ್ಕೆ ಗಾಬರಿ ಬೇಡ, ಇನ್ನೊಂದು ದಿನ ಕೂತು ಸುಧಾರಿಸಿಕೊಂಡು ತೋರಿಸಲಿ. ಆಗಲೂ 140/90 ದಾಟಿದರೆ ಡಾಕ್ಟರು ಹೇಳಿದ ಹಾಗೆ ನಡೆಯಬೇಕು. ಉಪ್ಪಿಗೆ ನನ್ನದೊಂದು ಲೆಕ್ಕ ಇದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಸಾಕು. ನಾಲ್ಕು ಜನರ ಮನೆಯಲ್ಲಿ ಒಂದು ಕೆ.ಜಿ. ಪ್ಯಾಕೆಟ್ 50 ದಿನ ಬರಬೇಕು. ನಿಮ್ಮಲ್ಲಿ ಎಷ್ಟು ದಿನಕ್ಕೆ ಖಾಲಿ ಆಗುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕು. ಇದರ ಮೇಲೆ ಒಣಮೀನು, ಉಪ್ಪಿನಕಾಯಿ, ಚಿಪ್ಸು ಬೇರೆ! ಪಂದಿ ಮಾಂಸ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಅದರ ಜೊತೆ ತಿನ್ನುವ ಅಕ್ಕಿ ಕಡುಬು, ಕಡಂಬುಟ್ಟು, ಎಂಟರಿಂದ ನಾಲ್ಕಕ್ಕೆ ಇಳಿಯಲಿ, ಪಕ್ಕದಲ್ಲಿ ಒಂದು ಪಲ್ಯ ಇರಲಿ. ನಿನ್ನ ಅಜ್ಜ ಅಷ್ಟು ತಿನ್ನುತ್ತಿದ್ದರು ನಿಜ, ಆದರೆ ಗದ್ದೆಯಲ್ಲಿ ಇಡೀ ದಿನ ಬಗ್ಗಿ ಎದ್ದು ಬಂದು ತಿನ್ನುತ್ತಿದ್ದರು. ಅಳಿಯಂದಿರು ಎದ್ದರೆ ಕಾರು, ಇಳಿದರೆ ಕುರ್ಚಿ. ನಿಮ್ಮ ಊರಿನಲ್ಲಿ ಇಲ್ಲಿನಷ್ಟು ಮಳೆಯೂ ಇಲ್ಲ, ಏರು ತಗ್ಗೂ ಇಲ್ಲ. ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ವಾರಕ್ಕೆ ಐದು ದಿನ. ಜೊತೆಗೆ ನೀನೂ ಹೋಗು.

ಚೀಲದಲ್ಲಿ ಕಳಲೆ ಇದೆ, ಎಳೆ ಬಿದಿರಿನ ಮೊಳಕೆ. ಹೆಚ್ಚಿ ಒಂದು ದಿನ ನೀರಲ್ಲಿಟ್ಟಿದ್ದೇನೆ. ಇನ್ನೂ ಎರಡು ದಿನ ನೀರು ಬದಲಿಸುತ್ತಾ ಇಡು, ಆಮೇಲೆ ಚೆನ್ನಾಗಿ ಬೇಯಿಸು. ಅವಸರ ಮಾಡಬೇಡ, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ. ಬಾಳೆ ಎಲೆಯಲ್ಲಿ ಸುತ್ತಿದ್ದು ಮದ್ದುಸೊಪ್ಪು. ನಾಡಿದ್ದು ಆಟಿ 18, ಅದರ ಪಾಯಸ ಮಾಡು. ಮಾರನೇ ದಿನ ಮೂತ್ರ ಕೆಂಪಗೆ ಹೋದರೆ ಪುಟ್ಟಿ ಹೆದರದಿರಲಿ, ಅದು ಸೊಪ್ಪಿನ ಬಣ್ಣ. ಅವತ್ತು ಹದಿನೆಂಟು ಬಗೆಯ ಮದ್ದು ಅದರಲ್ಲಿ ಸೇರುತ್ತದೆ ಅಂತ ನಂಬಿಕೆ. ನಾನೂ ನಂಬಿಯೇ ತಿನ್ನುತ್ತೇನೆ, ಆದರೆ ಅವತ್ತೂ ಪುಟ್ಟಿಯ ಮಾತ್ರೆ ತಪ್ಪಿಸಬೇಡ.

ಕಳಲೆ ಹಾಕಿದ ಸ್ಟೀಲ್ ಡಬ್ಬ ವಾಪಸ್ ಕಳಿಸು. ಹೋದ ವರ್ಷದ್ದೂ ನಿನ್ನ ಹತ್ತಿರವೇ ಇದೆ.

ಇಂತಿ,
ನಿನ್ನ ದೊಡ್ಡಮ್ಮ