ಕಾರ್ಡ್ ತಗೊಳ್ಳೋ ಮುಂಚೆ ಒಂಚೂರು ಲೆಕ್ಕ ಹಾಕು ಪುಟ್ಟಿ

ಪುಟ್ಟಿ,

ಏರ್‌ಪೋರ್ಟ್ ಲಾಂಜ್ (ಫ್ಲೈಟ್ ಕಾಯೋವಾಗ ಆರಾಮಾಗಿ ಕೂತು ತಿನ್ನೋ ಜಾಗ) ಫ್ರೀ ಇರೋ ಟ್ರಾವೆಲ್ ಕ್ರೆಡಿಟ್ ಕಾರ್ಡ್ ಯಾವ್ದು ತಗೊಳ್ಲಿ ಚಿಕ್ಕಪ್ಪ ಅಂತ ಕೇಳಿದ್ಯಲ್ಲ, ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂದು ಮರ್ತುಬಿಡ್ತೀಯ ಅಂತ ಟೈಪ್ ಮಾಡ್ತಿದೀನಿ, ಪೂರ್ತಿ ಓದು.

ಲಾಂಜ್ ಆಸೆ ತಪ್ಪಲ್ಲ. ಬೆಂಗಳೂರವ್ರಿಗಿಂತ ನಮ್ಮ ಮೈಸೂರವ್ರಿಗೇ ಅದು ಜಾಸ್ತಿ ಬೇಕು. ಇಲ್ಲಿನ ಮಂಡಕಳ್ಳಿ ಏರ್‌ಪೋರ್ಟಿಂದ ಹೊರಡೋ ಫ್ಲೈಟು ಬೆರಳೆಣಿಕೆ, ಹಂಗಾಗಿ ಫ್ಲೈಬಸ್ (ಏರ್‌ಪೋರ್ಟಿಗೆ ಹೋಗೋ ಬಸ್ಸು) ಹತ್ತಿ ಬೆಂಗಳೂರು ಏರ್‌ಪೋರ್ಟ್ ಇರೋ ದೇವನಹಳ್ಳಿಗೇ ಹೋಗ್ಬೇಕು, ಟ್ರಾಫಿಕ್ ಭಯಕ್ಕೆ ಬೇಗ ಹೊರಟು ಅಲ್ಲಿ ಗಂಟೆಗಟ್ಲೆ ಬ್ಯಾಗ್ ತಬ್ಕೊಂಡು ಕೂತಿರ್ತೀವಿ. ಆಗ ಬಿಸಿ ಕಾಫಿ, ಕಾಲು ಚಾಚೋಕೆ ಸೋಫಾ ಸಿಕ್ರೆ ಬೇಡ ಅನ್ನೋರ್ಯಾರು. ಆದ್ರೆ ಅದು ಫ್ರೀ ಅಲ್ಲ ಕಣೇ. ಬಾಗ್ಲಲ್ಲಿ ಕಾರ್ಡ್ ಉಜ್ಜಿ 2 ರೂಪಾಯಿ ಕಟ್ ಮಾಡ್ಕೊಂಡು ಒಳಗೆ ಬಿಡೋದು ನಿಜ, ಆದ್ರೆ ಈಗ ಎಷ್ಟೋ ಬ್ಯಾಂಕಿನವ್ರು ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಸಾವಿರ ಖರ್ಚು ಮಾಡಿದ್ರೆ ಮಾತ್ರ ಅಂತ ಕಂಡೀಷನ್ ಇಟ್ಟಿದಾರೆ. ಅಮ್ಮನ್ನೂ ಕರ್ಕೊಂಡು ಹೋಗ್ತೀನಿ ಅಂದ್ರೆ ಗೆಸ್ಟ್‌ಗೆ ಬೇರೆ ಚಾರ್ಜು. ಇನ್ನೊಂದು, ಲಾಂಜ್ ನೀನು ಹತ್ತೋ ಟರ್ಮಿನಲ್ಲಲ್ಲೇ ಇದ್ಯಾ ನೋಡ್ಕೊ, ಬೆಂಗಳೂರಲ್ಲಿ ಇಂಟರ್‌ನ್ಯಾಷನಲ್ ಎಲ್ಲ ಟಿ2 (ಎರಡನೇ ಟರ್ಮಿನಲ್), ಕಾರ್ಡಿನ ಲಿಸ್ಟಲ್ಲಿ ಬರೀ ಟಿ1 ಇದ್ರೆ ಏನ್ ಪ್ರಯೋಜನ.

ಈಗ ಕಾರ್ಡ್ ಉಜ್ಜಿದ್ದಕ್ಕೆ ಬ್ಯಾಂಕ್ ಕೊಡೋ ರಿವಾರ್ಡ್ ಪಾಯಿಂಟ್ ವಿಷ್ಯ, ಇಲ್ಲೇ ಎಲ್ರೂ ಬೀಳೋದು. ವರ್ಷದ ಫೀಸು 5000 ಅನ್ಕೋ, 18% ಜಿಎಸ್‌ಟಿ ಸೇರಿದ್ರೆ 5900. ನೂರು ರೂಪಾಯಿ ಖರ್ಚಿಗೆ 2 ಪಾಯಿಂಟ್, ವರ್ಷಕ್ಕೆ 3 ಲಕ್ಷ ಉಜ್ಜಿದ್ರೆ 6000 ಪಾಯಿಂಟ್. ಅದನ್ನ ಗಿಫ್ಟ್ ವೋಚರ್ ಮಾಡ್ಕೊಂಡು ಪಾಯಿಂಟಿಗೆ 25 ಪೈಸೆ ಸಿಕ್ರೆ ಬರೀ 1500, ಏರ್‌ಲೈನ್ ಮೈಲ್ಸ್‌ಗೆ, ಅಂದ್ರೆ ಟಿಕೆಟ್ ತಗೊಳ್ಳೋಕೆ ಅವ್ರು ಕೊಡೋ ಪಾಯಿಂಟಿಗೆ, ಕಳ್ಸಿ ಒಳ್ಳೆ ಟಿಕೆಟ್ ಸಿಕ್ಕಿ ರೂಪಾಯಿ ಬೆಲೆ ಬಂದ್ರೆ 6000, ಅಂದ್ರೆ ಫೀಸು ಕಳೆದ್ರೆ ಆಗ್ಲೂ ಲಾಭ ನೂರು ರೂಪಾಯಿ! ಅದ್ರಲ್ಲೂ ಬಾಡಿಗೆ, ಪೆಟ್ರೋಲು, ವ್ಯಾಲೆಟ್‌ಗೆ ಹಾಕೋ ದುಡ್ಡಿಗೆ ಸುಮಾರು ಕಾರ್ಡಲ್ಲಿ ಪಾಯಿಂಟೇ ಇಲ್ಲ.

ಒಂದೇ ಏರ್‌ಲೈನಿಗೆ ಕಟ್ಟಿಹಾಕ್ಕೊಂಡಿರೋ ಕಾರ್ಡ್ ಬೇಡ ಅಂತೀನಿ ನಾನು. ವಿಸ್ತಾರ ಏರ್‌ಲೈನ್ ನೋಡು, 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾ ಜೊತೆ ಸೇರ್ಕೊಂಡು ಹೆಸ್ರೇ ಹೋಯ್ತು, ಆ ಹೆಸ್ರಿನ ಕಾರ್ಡ್ ಇಟ್ಕೊಂಡಿದ್ದೋರ ಲೆಕ್ಕ ಎಲ್ಲ ಬದಲಾಯ್ತು. ನಾಕಾರು ಏರ್‌ಲೈನಿಗೆ ಪಾಯಿಂಟ್ ಕಳ್ಸೋಕಾಗೋ ಕಾರ್ಡ್ ನೋಡು, ಪಾಯಿಂಟ್ ಕೂಡಿಡೋಕೂ ಹೋಗ್ಬೇಡ, ಅವ್ರು ಯಾವತ್ತು ಬೇಕಾದ್ರೂ ಬೆಲೆ ಇಳಿಸ್ತಾರೆ.

ಸಿಂಗಾಪುರ ಅಂತಿದ್ದೆ ಅಲ್ವಾ, ಹೊರದೇಶದಲ್ಲಿ ಉಜ್ಜಿದ್ರೆ ಸುಮಾರು ಕಾರ್ಡಲ್ಲಿ ಫಾರೆಕ್ಸ್ ಮಾರ್ಕಪ್ (ಹೊರದೇಶದ ದುಡ್ಡಿಗೆ ಬದಲಾಯ್ಸೋಕೆ ಹಾಕೋ ಚಾರ್ಜು) 3.5%, ಅದ್ರ ಮೇಲೂ ಜಿಎಸ್‌ಟಿ, ಒಂದು ಲಕ್ಷಕ್ಕೆ 4130 ರೂಪಾಯಿ ಹೋಯ್ತು ಅಂತ ಲೆಕ್ಕ. ಮಾರ್ಕಪ್ ಕಮ್ಮಿ ಇರೋದು ಹುಡುಕು. ಅಂಗ್ಡಿಯವ್ನು ಮಷೀನಲ್ಲಿ ರೂಪಾಯೀಲಿ ಕಟ್ತೀರಾ ಅಂತ ಕೇಳಿದ್ರೆ ಬೇಡ ಅನ್ನು, ಅವ್ರ ಡಾಲರಲ್ಲೇ ಕಟ್ಟು.

ಬಡ್ಡಿ ಬಗ್ಗೆ ಬ್ಯಾಂಕಲ್ಲಿ ಕೆಲ್ಸ ಮಾಡ್ದೋನಾಗಿ ಖಡಕ್ಕಾಗೇ ಹೇಳ್ತೀನಿ. ಮಿನಿಮಮ್ ಡ್ಯೂ, ಅಂದ್ರೆ ಬಿಲ್ಲಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಷ್ಟು ಕಟ್ಟಿದ್ರೆ ಸಾಕು ಅನ್ನೋದು ಬಲೆ. ಬಡ್ಡಿ ತಿಂಗಳಿಗೆ 3.5% ಅಂದ್ರೆ ವರ್ಷಕ್ಕೆ 42%, ಬಾಕಿ ಉಳಿಸ್ಕೊಂಡ್ರೆ ಹೊಸದಾಗಿ ಕೊಂಡಿದ್ದಕ್ಕೂ ಅವತ್ತಿಂದ್ಲೇ ಬಡ್ಡಿ ಶುರು, ಲಾಂಜಿನ ಇಡ್ಲಿ ಎಲ್ಲಿಗೆ ಬಂತು? ಪೂರ್ತಿ ಬಿಲ್ ಆಟೋಪೇ ಹಾಕು, ಎಟಿಎಮ್ಮಲ್ಲಿ ಅದ್ರಿಂದ ಕ್ಯಾಶ್ ಮಾತ್ರ ತೆಗೀಬೇಡ.

ನನ್ನ ಕೇಳಿದ್ರೆ ವರ್ಷಕ್ಕೆ ಮೂರ್ನಾಕು ಸಲ ಹಾರೋಳಿಗೆ ಫೀಸು ಇಲ್ದಿರೋದೋ, ನೀನು ಹೆಂಗೂ ಮಾಡೋ ಖರ್ಚಿಗೇ ಫೀಸು ಮಾಫಿ ಆಗೋದೋ ಸಾಕು. ಮುಂದಿನ ವರ್ಷ ಸರಿಹೋಗ್ಲಿಲ್ಲ ಅಂದ್ರೆ ಬಾಕಿ ತೀರ್ಸಿ ಕ್ಲೋಸ್ ಮಾಡ್ಸು, ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ 7 ವರ್ಕಿಂಗ್ ಡೇ ಒಳಗೆ ಮುಚ್ಬೇಕು, ಇಲ್ಲಾಂದ್ರೆ ದಿನಕ್ಕೆ 500 ರೂಪಾಯಿ ಅವ್ರೇ ನಿನಗೆ ಕೊಡ್ಬೇಕು. ನೋಡಿರೋ ಕಾರ್ಡುಗಳ ಟರ್ಮ್ಸ್ ಪಿಡಿಎಫ್ ಕಳ್ಸು, ಭಾನುವಾರ ಬಂದಾಗ ಕೂತು ಓದೋಣ. ಚಿಕ್ಕಮ್ಮ ಒಬ್ಬಟ್ಟು ಮಾಡ್ತಾಳಂತೆ.

ನಿನ್ನ ಚಿಕ್ಕಪ್ಪ
ಸರಸ್ವತಿಪುರಂ, ಮೈಸೂರು